ಅಕ್ಕಿ ಚೀಲದ ಗಿಳಿಗೊಂದು ಕಟ್ಟು

ನಮ್ಮ ಮನೆಯಲ್ಲಿ ಅಕ್ಕಿ ಚೀಲ ಖಾಲಿಯಾಗುವ ದಿನ ನನಗೆ ಎಲ್ಲಿಲ್ಲದ ಹುರುಪು. ನನ್ನ ಹೆಂಡತಿ ಗಂಗಮ್ಮ ತಳದ ಅಕ್ಕಿಯನ್ನು ಡಬ್ಬಿಗೆ ಸುರಿದು ಚೀಲ ಝಾಡಿಸುವಷ್ಟರಲ್ಲಿ ನಾನು ಕತ್ತರಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತೇನೆ. ಅಕ್ಕಿ ಹಳೆಯದೋ ಹೊಸದೋ, ಅನ್ನ ಉದುರಾಗುತ್ತದೋ ಮುದ್ದೆಯಾಗುತ್ತದೋ, ಆ ಚಿಂತೆ ನನ್ನದಲ್ಲ. ನನಗೆ ಬೇಕಾದದ್ದು ಚೀಲದ ಮೇಲಿನ ಚಿತ್ರ. ನೀವೂ ನೋಡಿರುತ್ತೀರಿ, ನಮ್ಮ ಕಡೆಯ ಮಿಲ್ಲಿನವರು ಚೀಲದ ಮೇಲೆ ಏನೇನು ಅಚ್ಚು ಹಾಕಿಸುತ್ತಾರೆ! ಜೋಡಿ ನವಿಲು, ಕಮಲದ ಹೂವು, ಆನೆ, ಆಕಳು-ಕರು, ಎಲ್ಲಕ್ಕಿಂತ ಹೆಚ್ಚಾಗಿ ಗಿಳಿ. ಅಕ್ಕಿಗೂ ಗಿಳಿಗೂ ಏನು ಸಂಬಂಧ ಎಂದು ನಾನು ಬಹಳ ದಿನ ತಲೆ ಕೆಡಿಸಿಕೊಂಡಿದ್ದೆ. ಹೊಲಕ್ಕೆ ಇಳಿದು ಭತ್ತದ ತೆನೆ ಕದಿಯುವುದೇ ಗಿಳಿ. ಕಳ್ಳನ ಚಿತ್ರವನ್ನೇ ತಿಜೋರಿಯ ಮೇಲೆ ಬರೆಸಿದಂತಾಯಿತು. ಆದರೆ ಚಿತ್ರ ಮಾತ್ರ ಚೆಂದ. ಹಸಿರು ಮೈ, ಕೆಂಪು ಕೊಕ್ಕು, ಕೊಕ್ಕಿನಲ್ಲಿ ಬಂಗಾರದ ಬಣ್ಣದ ತೆನೆ. ಅದನ್ನು ಕತ್ತರಿಸಿ, ಸುತ್ತ ಕಟ್ಟು ಹಾಕಿ, ಮುಂದೆ ಗಾಜು ಕೂರಿಸಿ ಗೋಡೆಗೆ ತೂಗುಹಾಕಿದರೆ ಬಂದವರು ಎಲ್ಲಿ ತಂದಿರಿ ಎಂದು ಕೇಳುತ್ತಾರೆ. ಅಡುಗೆಮನೆಯಿಂದ ಎಂದರೆ ನಂಬುವುದಿಲ್ಲ.

ಈ ಚಟ ಅಂಟಿಕೊಂಡದ್ದು ಮಾನ್ವಿಯಲ್ಲಿ. ಅಲ್ಲಿ ಒಂದು ರೈಸ್ ಮಿಲ್ಲಿನ ಚೀಲದ ಗೋದಾಮು ನನ್ನ ಸುಪರ್ದಿಯಲ್ಲಿತ್ತು. ಅಚ್ಚು ತಪ್ಪಿದ ಚೀಲಗಳು ಆಗಾಗ ಬರುತ್ತಿದ್ದವು. ಕೊಕ್ಕಿನ ಕೆಂಪು ಕಣ್ಣಿಗೆ ಹತ್ತಿದ ಗಿಳಿ, ಎರಡು ತಲೆ ಮೂಡಿದಂತೆ ಕಾಣುವ ನವಿಲು. ಯಾರಿಗೂ ಬೇಡವಾದವು ನನ್ನ ಪಾಲಿಗೆ ಬರುತ್ತಿದ್ದವು. ಕೆಲಸ ಬಿಟ್ಟು ರಾಯಚೂರಿನಲ್ಲಿ ಪುಟ್ಟ ಮನೆ ಮಾಡಿಕೊಂಡ ಮೇಲೆ ಚಟ ಇನ್ನೂ ಬಲಿಯಿತು. ಕಟ್ಟು ಹಾಕಲು ಹಣ್ಣಿನ ಪೆಟ್ಟಿಗೆಯ ಪಟ್ಟಿ. ಗಾಜಿಗೆ ತೀನ್ ಕಂದಿಲ್ ಚೌಕದ ಹತ್ತಿರದ ಗಾಜಿನ ಅಂಗಡಿಯಲ್ಲಿ ದೊಡ್ಡ ಗಾಜು ಕೊಯ್ದ ಮೇಲೆ ಉಳಿಯುವ ತುಂಡು. ಅಂಗಡಿಯವನು ನನ್ನನ್ನು ದೂರದಲ್ಲಿ ಕಂಡರೆ ಸಾಕು, ತುಂಡುಗಳನ್ನು ಹಳೆ ಪೇಪರಿನಲ್ಲಿ ಸುತ್ತತೊಡಗುತ್ತಾನೆ, ಬೇಗ ಹೋಗಲಿ ಎಂದು. ಇಷ್ಟು ವರ್ಷ ಮಾಡಿದರೂ ನನ್ನ ಕಟ್ಟಿನ ಮೂಲೆಗಳು ಒಂದಕ್ಕೊಂದು ಸರಿಯಾಗಿ ಕೂಡಿಲ್ಲ. ನಡುವೆ ಇರುವೆ ಸಂಸಾರ ಮಾಡುವಷ್ಟು ಸಂದಿ ಉಳಿಯುತ್ತದೆ. ಅದಕ್ಕೆ ಕಟ್ಟಿಗೆಯ ಹೊಟ್ಟನ್ನು ಅಂಟಿನಲ್ಲಿ ಕಲಸಿ ಮೆತ್ತಿ, ಮೇಲೆ ಬಣ್ಣ ಬಳಿದು, ಮಾನ ಮುಚ್ಚುತ್ತೇನೆ.

ಮೊದಮೊದಲು ಚೀಲದ ಮಡಿಕೆ ಹೋಗಲೆಂದು ಇಸ್ತ್ರಿ ಹಾಕಲು ಹೋಗಿ ಪೇಚಿಗೆ ಸಿಕ್ಕಿದ್ದೆ. ಚೀಲ ಪ್ಲಾಸ್ಟಿಕ್ಕಿನದು ಎಂಬುದು ಗೋದಾಮು ಕಾಯ್ದವನಿಗೇ ಹೊಳೆಯಲಿಲ್ಲ. ಗಿಳಿಯ ಕೊಕ್ಕು ಕರಗಿ ಇಸ್ತ್ರಿಪೆಟ್ಟಿಗೆಗೆ ಹತ್ತಿತು. ಮರುದಿನ ಗಂಗಮ್ಮ ಮದುವೆಗೆ ಹೊರಟಾಗ ಅದೇ ಕೊಕ್ಕು ಆಕೆಯ ರೇಷ್ಮೆ ಸೀರೆಯ ಸೆರಗಿಗೆ ದಾಟಿತು. ಆಕೆ ಅವತ್ತು ನನಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಈಗ ಚೀಲದ ತುಂಡನ್ನು ಹಾಸಿಗೆಯ ಕೆಳಗಿಟ್ಟು ಅದರ ಮೇಲೆ ನಾನೇ ಮಲಗುತ್ತೇನೆ. ಮಲಗುತ್ತೇನೆ ಎಂದದ್ದು ಮಾತಿಗೆ. ಹೊರಳುತ್ತೇನೆ ಎಂದರೆ ಸರಿ.

ಕೂತಲ್ಲಿ ಕೂರುವ ಜೀವ ನನ್ನದಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವನು ಎಂದು ನಮ್ಮವ್ವ ಹೇಳುತ್ತಿದ್ದಳು. ಕೈಗೆ ಕೆಲಸವಿಲ್ಲದಿದ್ದರೆ ಬಸ್ ಸ್ಟ್ಯಾಂಡಿಗೆ ಹೋಗಿ ಗಿಲ್ಲೆಸುಗೂರಿನ ಬಸ್ಸು ಹತ್ತಿ, ಅಲ್ಲಿ ಇಳಿದು ಒಂದು ಚಹಾ ಕುಡಿದು, ಅದೇ ಬಸ್ಸಿಗೆ ವಾಪಸ್ಸು ಬಂದದ್ದಿದೆ. ಕಂಡಕ್ಟರ್ ಒಮ್ಮೆ, "ಯಾರನ್ನರ ಹುಡುಕಾಕತ್ತೀರೇನ್ರಿ?" ಎಂದು ಕನಿಕರದಿಂದ ಕೇಳಿದ. ಗಂಗಮ್ಮನ ಬಳಿ ಇದಕ್ಕೆಲ್ಲ ಒಂದೇ ಗಾದೆ: ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದ. ನಾನು ಉಳಿ ಹಿಡಿದು ಹೊಸ್ತಿಲ ಮೇಲೆ ಕೂತಾಗೆಲ್ಲ ಅದನ್ನು ಹೇಳಿ ಒಳಗೆ ಹೋಗುತ್ತಾಳೆ.

ಆದರೆ ಈ ಬೇಸಿಗೆಯ ಚಡಪಡಿಕೆಗೆ ಕಾರಣವಿದೆ. ನಮ್ಮ ಒಬ್ಬಳೇ ಮಗಳು ಸುಮಾ ಬಸುರಿ. ಆಕೆಯನ್ನು ಮಾನ್ವಿಗೆ ಕೊಟ್ಟಿದ್ದೇವೆ, ಅಳಿಯ ಕುರ್ಡಿಯ ಸಾಲೆಯಲ್ಲಿ ಮಾಸ್ತರ. ಹೋದ ಸಲ ಏಳನೆಯ ತಿಂಗಳಿನಲ್ಲಿ ಆಕೆಯ ಕೂಸು ಹೊಟ್ಟೆಯಲ್ಲೇ ಹೋಯಿತು. ಆದ್ದರಿಂದ ಈ ಸಲ ಡಾಕ್ಟರು ಮೊದಲೇ ವಿಶ್ರಾಂತಿ ಹೇಳಿದರು, ಆಕೆ ಬೇಗ ತವರಿಗೆ ಬಂದಳು. ನನಗೆ ಭಯ. ಹೆಂಗಸರಿಗಾದರೋ ಮಾಡಲು ಏನಾದರೂ ಇರುತ್ತದೆ. ಗಂಗಮ್ಮ ಸಜ್ಜಿಗೆ ಮಾಡುತ್ತಾಳೆ, ಕಾಲು ಒತ್ತುತ್ತಾಳೆ, ಗುಸುಗುಸು ಕೇಳುತ್ತಾಳೆ. ಗಂಡಸಿಗೆ ಇಂಥ ಮನೆಯಲ್ಲಿ ಒಂದೇ ಕೆಲಸ, ಅಡ್ಡ ಬರದಿರುವುದು. ಅದು ನನ್ನಿಂದ ಆಗದ ಕೆಲಸ.

ಏನಾದರೂ ತರೋಣ ಎಂದರೆ ಅದಕ್ಕೂ ನಿಷೇಧ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು. ತೊಟ್ಟಿಲು ಕೇಳಬಾರದು, ಜುಬ್ಬ ತರಬಾರದು, ಹೆಸರು ಯೋಚಿಸಬಾರದು. ಎಲ್ಲದಕ್ಕೂ ಗಂಗಮ್ಮ ತುಟಿಯ ಮೇಲೆ ಬೆರಳಿಡುತ್ತಾಳೆ. ಆದರೆ ವಿಚಿತ್ರ ನೋಡಿ, ಕೂಸಿನ ಪಟ ಮಾತ್ರ ತರಬಹುದು! ತರಬಹುದು ಏನು, ತರಲೇಬೇಕು. ಬಸುರಿ ಮಲಗುವ ಕೋಣೆಯ ಗೋಡೆಗೆ ದುಂಡುದುಂಡಾದ ಕೂಸಿನ ಪಟ ಹಾಕಬೇಕು, ಆಕೆ ಏಳುತ್ತಲೇ ಅದನ್ನು ನೋಡಬೇಕು, ಹುಟ್ಟುವುದು ಹಾಗೇ ಹುಟ್ಟುತ್ತದೆ. ಇದು ನಮ್ಮಲ್ಲಿ ಎಲ್ಲ ಜಾತಿ ಎಲ್ಲ ಓಣಿಗೂ ಸೇರಿದ ನಂಬಿಕೆ. ಕುಲಾವಿಗೆ ಹೆದರುವವರು ಪಟಕ್ಕೆ ಯಾಕೆ ಹೆದರುವುದಿಲ್ಲ ಎಂದು ಕೇಳಿದರೆ, "ಅದು ಬ್ಯಾರೆ ಇದು ಬ್ಯಾರೆ, ಸುಮ್ಮನ ಕುಂದರ್ರಿ" ಎಂಬ ಉತ್ತರ ಸಿಗುತ್ತದೆ.

ನಾನು ಸಣ್ಣವನಿದ್ದಾಗ ದೇವದುರ್ಗದ ನಮ್ಮ ಮನೆಯಲ್ಲೂ ಅಂಥ ಪಟವಿತ್ತು. ಅವ್ವ ನನ್ನ ತಮ್ಮನನ್ನು ಹೊತ್ತಾಗ ಅಪ್ಪ ಯಾವುದೋ ಹಳೆ ಕ್ಯಾಲೆಂಡರಿನಿಂದ ಹಾಲಿನಂಥ ಬಿಳಿ ಕೂಸೊಂದನ್ನು ಕತ್ತರಿಸಿ ತಂದ. ಕಟ್ಟು ಎಲ್ಲಿಂದ ತರುವುದು? ಅಪ್ಪ ಮನೆಯೆಲ್ಲ ಕಣ್ಣಾಡಿಸಿದ. ಕಣ್ಣು ಸಾಲೆಯಲ್ಲಿ ಬರೆಯುವ ನನ್ನ ಕಲ್ಲುಪಾಟಿಯ ಮೇಲೆ ಬಂದು ನಿಂತಿತು. ಪಾಟಿ ಒಡೆದ ಮೇಲೆ ಅದರ ಮರದ ಕಟ್ಟು ಪಟಕ್ಕೆ ಬರುವುದು ಎಲ್ಲ ಮನೆಗಳ ಪದ್ಧತಿ. ಆದರೆ ನನ್ನ ಪಾಟಿ ಒಡೆದಿರಲಿಲ್ಲ, ಹೊಚ್ಚಹೊಸದು. ಅಪ್ಪನಿಗೆ ಅದು ಒಡೆಯುವ ತನಕ ಕಾಯುವ ತಾಳ್ಮೆ ಇರಲಿಲ್ಲ. ನನ್ನ ಸ್ವಭಾವ ಎಲ್ಲಿಂದ ಬಂತು ಎಂದು ನಿಮಗೆ ಈಗ ತಿಳಿದಿರಬೇಕು. ಕಟ್ಟು ಕಿತ್ತ ಬರೀ ಕಲ್ಲನ್ನು ಬಗಲಲ್ಲಿ ಇಟ್ಟುಕೊಂಡು ನಾನು ಆ ವರ್ಷವೆಲ್ಲ ಸಾಲೆಗೆ ಹೋದೆ. ಅದರ ಅಂಚು ಅಂಗಿಯನ್ನು ಕೊರೆದು ಪಕ್ಕೆಲುಬಿಗೆ ತಾಗುತ್ತಿತ್ತು. ಗೋಡೆಯೂ ಕಲ್ಲಿನದೇ, ಮೊಳೆ ಒಳಗೆ ಇಳಿಯದು. ಕಡೆಗೆ ಪಟವನ್ನು ನೊಗ ತೂಗುಹಾಕುವ ಗೂಟಕ್ಕೆ ದಾರ ಕಟ್ಟಿ ಇಳಿಬಿಟ್ಟರು. ಇಷ್ಟೆಲ್ಲ ಆಗಿ ತಮ್ಮ ಹುಟ್ಟಿದ್ದು ಹಂಚಿನಂತೆ ಕಪ್ಪಗೆ, ಕಡ್ಡಿಯಂತೆ ಸಣ್ಣಗೆ. ನೋಡಲು ಬಂದ ಹೆಂಗಸರು ಪಟವನ್ನೊಮ್ಮೆ ಕೂಸನ್ನೊಮ್ಮೆ ನೋಡಿದರು. ಅವ್ವ ಒಂದು ಕ್ಷಣವೂ ತಡಮಾಡದೆ, "ಪಟ ಗ್ವಾಡಿ ಕಡೆ ಇತ್ತು. ನಾ ಹಗಲೆಲ್ಲಾ ಒಲಿ ಕಡೆ ಮಾರಿ ಮಾಡಿ ಕುಂತಿದ್ದೆ. ಒಲಿ ನೋಡಿ ಹುಟ್ಯಾನ ಬಿಡ್ರಿ" ಎಂದಳು. ಆ ತಮ್ಮ ಈಗ ಲಾರಿ ಹೊಡೆಯುತ್ತಾನೆ, ನಮ್ಮೆಲ್ಲರಿಗಿಂತ ಗಟ್ಟಿ ಆಳು.

ಅಪ್ಪನ ಮಗನಾದ ನಾನು ಸುಮಾ ಬಂದ ದಿನವೇ ಕೂಸಿನ ಪಟ ತಯಾರು ಮಾಡಿ ಇಟ್ಟಿದ್ದೆ. ಮಿಲ್ಲಿನ ಮಾಲೀಕರು ಒಂದು ಕಾಲಕ್ಕೆ ತಮ್ಮ ಮೊಮ್ಮಗಳ ಮುಖವನ್ನು ಚೀಲದ ಮೇಲೆ ಅಚ್ಚು ಹಾಕಿಸಿದ್ದರು. ಗಲ್ಲದ ಮೇಲೆ ಗಲ್ಲ, ನಕ್ಕರೆ ಕಣ್ಣೇ ಕಾಣದ ಕೂಸು. ಒಂದು ಚೀಲ ನನ್ನ ಬಳಿ ಉಳಿದಿತ್ತು. ಅದಕ್ಕೆ ಕಟ್ಟು ಹಾಕಿ, ಹಳದಿ ಬಣ್ಣ ಬಳಿದು ಕೋಣೆಯ ಗೋಡೆಗೆ ಹಾಕಿದೆ. ಸುಮಾ ಒಳಗೆ ಬಂದು ಕೈಚೀಲ ಕೆಳಗಿಟ್ಟಳು, ಪಟ ನೋಡಿದಳು. ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ಪಟ ಗೋಡೆಗೆ ಮುಖ ಮಾಡಿ ತಿರುಗಿತ್ತು.

"ಯಾಕವ್ವಾ?" ಎಂದೆ.

"ಬ್ಯಾಡ ಯಪ್ಪಾ, ತಗಿ ಅದನ್ನ."

ನಾನು ತೆಗೆದೆ. ಬಹಳ ಹೊತ್ತಿನ ಮೇಲೆ, ನಾನು ಹೊಸ್ತಿಲಲ್ಲಿ ಕೂತು ಸುಮ್ಮನೆ ಒಂದು ಪಟ್ಟಿಯನ್ನು ಉಜ್ಜುತ್ತಿದ್ದಾಗ, ಆಕೆಯೇ ಹೇಳಿದಳು. "ಹ್ವಾದ ಸಲ ಅತ್ತಿಯಾರು ಹಿಂಗ ಒಂದು ಪಟ ಹಾಕಿದ್ರು. ನಾ ದವಾಖಾನಿಯಿಂದ ವಾಪಸ್ ಬರೋದ್ರಾಗ ತಗದಿದ್ರು. ಪಾಪ, ನನಗ ನೋವಾಗಬಾರದಂತ. ಆದ್ರ ಗ್ವಾಡಿ ಮ್ಯಾಲ ಚೌಕ ಉಳಿದಿತ್ತು ಯಪ್ಪಾ. ಸುತ್ತ ಬಣ್ಣ ಮಾಸಿ, ನಡುವ ಅಷ್ಟೇ ಬೆಳ್ಳಗ. ಮಲಗಿದ್ರ ಅದೇ ಕಾಣ್ತಿತ್ತು."

ನಾನು ಪಟ್ಟಿ ಉಜ್ಜುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಆಕೆಯ ಮುಖ ನೋಡಬೇಕಾಗುತ್ತಿತ್ತು.

ಈಗ ನನ್ನ ಮುಂದೆ ಬೋಳು ಗೋಡೆಯ ಪ್ರಶ್ನೆ. ಬಿಟ್ಟರೆ ಆಕೆ ಬರೀ ಗೋಡೆ ನೋಡುತ್ತ ಮಲಗುತ್ತಾಳೆ, ಮನಸ್ಸು ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು. ಗಿಳಿ ಹಾಕಿದೆ. "ನನ್ನನ್ನೇ ನೋಡಾಕತ್ತದ" ಎಂದಳು. ಗಿಳಿಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿ ಕಮಲ ಹಾಕಿದೆ. ಕಮಲ ದೇವರ ಕೋಣೆಯಂತೆ ಕಾಣುತ್ತದೆ ಎಂದು ಗಂಗಮ್ಮ ಮೂಗು ಮುರಿದಳು. ಆನೆ ಹಾಕಿದೆ. "ಯಪ್ಪಾ, ನನ್ನ ಹೊಟ್ಟಿ ನೋಡಿ ಆನಿ ತಂದಿಯೇನು?" ಎಂದು ಸುಮಾ ನಕ್ಕಳು. ಆಕೆ ನಕ್ಕದ್ದೇ ಲಾಭ ಎಂದು ಆನೆಯನ್ನು ಅಲ್ಲೇ ಬಿಟ್ಟೆ. ಹೀಗೆ ದಿನಕ್ಕೊಂದು ಮೊಳೆ ಹೊಡೆದು, ಕಿತ್ತು, ಮತ್ತೆ ಹೊಡೆದು ಗೋಡೆಗೆ ಸಿಡುಬು ಎದ್ದಂತಾಯಿತು. ಗಿಲಾವಿನಲ್ಲಿ ಮರಳೇ ಜಾಸ್ತಿ, ಹೊಡೆದಲ್ಲೆಲ್ಲ ಉದುರುತ್ತದೆ. ಪಕ್ಕದ ಮನೆಯ ಖಾಜಾಬಿ ಕಾಂಪೌಂಡಿನ ಆಚೆಯಿಂದ ಇಣುಕಿ, "ಕ್ಯಾ ಭಾಯಿ, ಗ್ವಾಡಿ ಕೆಡವಾಕತ್ತೀರೋ, ಕಟ್ಟಾಕತ್ತೀರೋ?" ಎಂದು ಕೇಳಿದಳು. ನನಗೇ ಗೊತ್ತಿದ್ದರೆ ತಾನೆ ಹೇಳುವುದು!

ಏಳನೆಯ ತಿಂಗಳು ಬಂದಾಗ ಮನೆಯಲ್ಲಿ ಯಾರೂ ಆ ಸಂಖ್ಯೆಯನ್ನು ಬಾಯಿಬಿಟ್ಟು ಹೇಳಲಿಲ್ಲ. ನಾನಂತೂ ಆ ತಿಂಗಳೆಲ್ಲ ಮನೆಗೂ ಬಸ್ ಸ್ಟ್ಯಾಂಡಿಗೂ ನಡುವೆ ಸವೆದೆ. ಅದು ದಾಟಿತು. ಎಂಟು ತುಂಬಿದ ಮೇಲೆ ಗಂಗಮ್ಮ ಧೈರ್ಯ ಮಾಡಿ, ಮನೆಮಟ್ಟಿಗೆ ಕುಬಸ ಮಾಡೋಣ ಎಂದಳು. ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ನಾಲ್ಕು ಮಂದಿ ಹೆಂಗಸರಿಗೆ ಊಟ ಹಾಕುವುದು, ಅಷ್ಟೇ.

ಬಂದವರು ಬರಿಗೈಯಲ್ಲಿ ಬರಲಿಲ್ಲ. ಖಾಜಾಬಿ ಮೊದಲು ಬಂದಳು, ಕೈಯಲ್ಲಿ ಸುರುಳಿ. ಬಜಾರಿನಲ್ಲಿ ಸಿಗುತ್ತವಲ್ಲ, ಹೊಳೆಯುವ ಹಾಳೆಯ ಮೇಲೆ ಕೂಸಿನ ಚಿತ್ರ, ಅದು. ಹಿಂದೆ ಬಂದವಳ ಕೈಯಲ್ಲೂ ಸುರುಳಿ. ಅವಳ ಹಿಂದಿನವಳ ಕೈಯಲ್ಲೂ. ನಾನು ನೋಡಿ ಬೆವೆತೆ. "ಕಟ್ಟಿನ್ದು ತರಬೇಕಂತ ಮಾಡಿದ್ವಿ," ಎಂದಳು ಖಾಜಾಬಿ, "ಆದ್ರ ನೀವು ಹೆಂಗೂ ದಿನಾ ಠಣ್ ಠಣ್ ಅಂತ ಅದೇ ಮಾಡ್ತೀರಿ. ಅದಕ್ಕ ಎಲ್ಲಾರೂ ಬರೇ ಹಾಳಿ ತಂದೀವಿ ಭಾಯಿ." ನನ್ನ ಕೀರ್ತಿ ನನಗೇ ಉರುಳಾಯಿತು. ಸುಮಾ ಒಳಗೆ ಕನ್ನಡಿಯ ಮುಂದಿದ್ದಳು. ಸುರುಳಿಗಳನ್ನೆಲ್ಲ ಬಾಚಿ ತಬ್ಬಿಕೊಂಡು ಹಿತ್ತಲಿಗೆ ಓಡಿದೆ. ಹೆಂಗಸರು ನನ್ನ ಉತ್ಸಾಹ ಕಂಡು ನಕ್ಕರು.

ಇನ್ನು ಅವುಗಳನ್ನು ಏನು ಮಾಡುವುದು? ಹರಿಯುವಂತಿಲ್ಲ. ಕೂಸಿನ ಮುಖ ಹರಿಯಲು ಯಾವ ಕೈ ಬಂದೀತು? ಒಲೆಗೆ ಹಾಕುವ ಮಾತನ್ನೇ ಆಡಬಾರದು. ಕಸಕ್ಕೆ ಎಸೆದರೆ ಓಣಿಯ ಆಕಳು ಎಳೆದೊಯ್ದು ಪಟ ಕೊಟ್ಟವರ ಬಾಗಿಲಿಗೇ ಹಾಕುತ್ತದೆ. ಯಾರಿಗಾದರೂ ಕೊಟ್ಟರೆ ಬಂದ ಭಾಗ್ಯ ಕೊಟ್ಟಂತೆ ಎಂದು ಗಂಗಮ್ಮ ಕಣ್ಣು ಬಿಟ್ಟಳು. ಪೆಟ್ಟಿಗೆಯಲ್ಲಿಟ್ಟರೆ ಕತ್ತಲಲ್ಲಿ ಇಟ್ಟಂತೆ. ಎರಡು ದಿನ ಮಗಳ ಕಣ್ಣು ತಪ್ಪಿಸಿ ಅವುಗಳನ್ನು ಬಗಲಲ್ಲಿ ಹಿಡಿದು ಮನೆಯೆಲ್ಲ ತಿರುಗಿದೆ. ಆಮೇಲೆ ಹೊಳೆಯಿತು. ಕಟ್ಟು ಹಾಕುವವರು ಹಳೆಯ ಪಟವನ್ನು ತೆಗೆಯುವ ಗೋಜಿಗೆ ಹೋಗುವುದಿಲ್ಲ. ಅದರ ಮುಂದೆ ಹೊಸದನ್ನು ಇಟ್ಟು ಗಾಜು ಮುಚ್ಚುತ್ತಾರೆ, ಹಳೆಯದು ಹಿಂದೆ ಆಧಾರಕ್ಕೆ ನಿಲ್ಲುತ್ತದೆ. ನಾನೂ ಹಾಗೇ ಮಾಡಿದೆ. ಗಿಳಿಯ ಹಿಂದೆ ಒಂದು ಕೂಸು, ಆನೆಯ ಹಿಂದೆ ಒಂದು, ಕಮಲದ ಹಿಂದೆ ಒಂದು, ನವಿಲುಗಳ ಹಿಂದೆ ಒಂದು. ಮಿಲ್ಲಿನ ಮಾಲೀಕರ ಮೊಮ್ಮಗಳು ಆಕಳ ಹಿಂದೆ ಅಡಗಿದಳು. ಗೋಡೆಗೆ ತೂಗುಹಾಕಿ ದೂರ ನಿಂತು ನೋಡಿದೆ. ಶಾಸ್ತ್ರವೂ ಆಯಿತು, ಮಗಳ ಮಾತೂ ಉಳಿಯಿತು ಎಂದು ಬಹಳ ಬೀಗಿದೆ. ಯಾರಿಗೂ ಹೇಳಲಿಲ್ಲ. ಗಂಗಮ್ಮನಿಗೂ ಇಲ್ಲ.

ಮೊನ್ನೆ ಮಧ್ಯಾಹ್ನ ಗಾಳಿ ಎದ್ದಿತು. ನಮ್ಮೂರ ಬೇಸಿಗೆಯ ಗಾಳಿ ನಿಮಗೆ ಗೊತ್ತಲ್ಲ, ಇದ್ದಕ್ಕಿದ್ದಂತೆ ಧೂಳು ಹೊತ್ತು ಬಂದು ಮನೆಯ ಬಾಗಿಲುಗಳನ್ನೆಲ್ಲ ಒಮ್ಮೆಗೇ ಬಡಿಯುತ್ತದೆ. ಕೋಣೆಯ ಬಾಗಿಲು ಬಡಿದ ಸದ್ದಿಗೆ ಗಿಲಾವು ಉದುರಿ, ಮೊಳೆ ಸಡಿಲಾಗಿ, ಗಿಳಿಯ ಪಟ ಕೆಳಗೆ ಬಿದ್ದು ಗಾಜು ಚೂರುಚೂರಾಯಿತು. ಬಸುರಿಯ ಕೋಣೆಯಲ್ಲಿ ಗಾಜು ಒಡೆದ ಸದ್ದು! ಗಂಗಮ್ಮ ಅಡುಗೆಮನೆಯಿಂದ ಓಡಿ ಬಂದಳು. ನಾನು ಹೊರಗಿನಿಂದ ಓಡಿದೆ. ಕೆಲಸ ಇಲ್ಲದ ಬಡಗಿ ಕಡೆಗೂ ಮಾಡಬಾರದ್ದನ್ನು ಮಾಡಿಬಿಟ್ಟ ಎಂದೇ ಅಂದುಕೊಂಡೆ.

ಸುಮಾ ಮಂಚದ ಮೇಲೆ ಎದ್ದು ಕೂತಿದ್ದಳು. ಕಾಲ ಬಳಿ ನೆಲದ ಮೇಲೆ ಕಟ್ಟು ಬಿಚ್ಚಿ ಬಿದ್ದಿತ್ತು. ಗಿಳಿ ಒಂದು ಕಡೆ ಜಾರಿತ್ತು. ಅದರ ಹಿಂದಿನಿಂದ ಖಾಜಾಬಿ ತಂದ ಕೂಸು, ತಲೆಯ ಮೇಲೆ ಹಳದಿ ಟೋಪಿ ಹಾಕಿಕೊಂಡು, ಬೊಚ್ಚು ಬಾಯಿ ತೆರೆದು ನಗುತ್ತಿತ್ತು.

ಸುಮಾ ನನ್ನನ್ನು ನೋಡಿದಳು, ಗೋಡೆಯನ್ನು ನೋಡಿದಳು. ಚೂರು ತುಳಿಯಬೇಡ ಎಂದು ಗಂಗಮ್ಮ ಕೂಗುತ್ತಿದ್ದಂತೆ ಮಂಚದ ಆಚೆಯಿಂದ ಇಳಿದು ಹೋಗಿ ಆನೆಯ ಪಟ ತಿರುಗಿಸಿದಳು. ಹಿಂದಿನ ರಟ್ಟಿನ ಮೂಲೆ ಎತ್ತಿ ಇಣುಕಿದಳು.

"ಇದರಾಗೂ?"

"ಹ್ಞೂನವ್ವಾ."

"ಇದರಾಗ?"

"ಎಲ್ಲಾದ್ರಾಗೂ ಅದಾವ. ಎಲ್ಲಿಡಬೇಕು ತಿಳೀಲಿಲ್ಲ. ಈಗೇ ತಗೀತೀನಿ, ಈಗಿಂದೀಗ ತಗೀತೀನಿ." ನಾನು ಆಗಲೇ ಕಮಲಕ್ಕೆ ಕೈ ಹಾಕಿದ್ದೆ.

"ಯಪ್ಪಾ, ಸುಮ್ಮನ ನಿಂದರು" ಎಂದಳು. ನಕ್ಕಳು. ಹೊಟ್ಟೆಗೆ ಎರಡೂ ಕೈ ಒತ್ತಿಕೊಂಡು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನೀರು ಬಂದದ್ದು ನಿಲ್ಲಲಿಲ್ಲ. ನಗು ಯಾವಾಗ ಮುಗಿಯಿತೋ ಅಳು ಯಾವಾಗ ಹತ್ತಿತೋ ನಮಗೆ ಗೊತ್ತಾಗಲಿಲ್ಲ. ಗಂಗಮ್ಮ ಆಕೆಯನ್ನು ಹಿಡಿದು ಮಂಚದ ಮೇಲೆ ಕೂರಿಸಿ, ಬೆನ್ನು ಸವರಿದಳು. ನಾನು ಕಸಬರಿಗೆ ತಂದು ಗಾಜು ಗುಡಿಸತೊಡಗಿದೆ. ಕೈಗೆ ಏನಾದರೂ ಬೇಕಿತ್ತು.

"ಯಾರೂ ಕೇಳಲೇ ಇಲ್ಲ," ಎಂದಳು ಸುಮಾ. "ಅದು ಹೆಂಗಿತ್ತಂತ ಯಾರೂ ಕೇಳಲಿಲ್ಲ. ನಮ್ಮ ಮನಿಯವರೂ ಕೇಳಲಿಲ್ಲ, ಅತ್ತಿಯಾರೂ ಕೇಳಲಿಲ್ಲ. ನನಗ ತೋರ್ಸಿದ್ರು ಯವ್ವಾ. ನರ್ಸಮ್ಮ ಬಟ್ಟಿಯಾಗ ಸುತ್ತಿ ಒಂದು ಗಳಿಗಿ ಕೈಯಾಗ ಕೊಟ್ಟಿದ್ಲು. ಹೆಣ್ಣಿತ್ತು."

ಗಂಗಮ್ಮನ ಕೈ ಬೆನ್ನ ಮೇಲೆ ನಿಂತಿತು.

"ಈ ಪಟದಾಗಿನವರಂಗ ಇರಲಿಲ್ಲ. ಸಣ್ಣದು, ಕೆಂಪಗ. ಆದ್ರ ಮೂಗು ಎದ್ದು ಕಾಣ್ತಿತ್ತು. ಥೇಟ್ ಯಪ್ಪಂದೇ ಮೂಗು."

ಗುಡಿಸುತ್ತಿದ್ದ ನಾನು ಅಲ್ಲೇ ಕೂತುಬಿಟ್ಟೆ. ಅರವತ್ತು ದಾಟಿದ ಈ ಆಯುಷ್ಯದಲ್ಲಿ ನಾನು ಸುಮ್ಮನೆ ಕೂತದ್ದು ಅಷ್ಟೇ ಹೊತ್ತು ಎಂದು ಕಾಣುತ್ತದೆ. ಗಿಳಿಗೆ, ಆನೆಗೆ, ಯಾರೋ ಕಾಣದ ಕೂಸುಗಳಿಗೆಲ್ಲ ಕಟ್ಟು ಹಾಕಿದವನು ನಾನು. ನನ್ನ ಮೂಗು ಹೊತ್ತು ಬಂದು ಒಂದು ಗಳಿಗೆ ತಾಯಿಯ ಕೈಯಲ್ಲಿದ್ದು ಹೋದ ಕೂಸು ಹೆಣ್ಣೆಂಬುದು ಕೂಡ ನನಗೆ ಗೊತ್ತಿರಲಿಲ್ಲ. ಆಕೆಯ ಚಿತ್ರ ಯಾವ ಹಾಳೆಯ ಮೇಲೂ ಇಲ್ಲ. ದುಃಖ ಬಂತು. ತಡೆಯಲು ಹೋಗಲಿಲ್ಲ, ಮಗಳ ಮುಂದೆಯೇ ಅತ್ತೆ.

ಗಾಳಿ ನಿಂತಿತ್ತು. ಸುಮಾ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, ನನ್ನ ಕಡೆ ಸ್ವಲ್ಪ ಬಾಗಿ, ಒಂದು ಕೈ ಹೊಟ್ಟೆಯ ಮೇಲಿಟ್ಟುಕೊಂಡೇ ಹೇಳಿದಳು:

"ಇದು ಹುಟ್ಟಿದ ಕೂಡ್ಲೇ ನೀನೇ ಮೊದ್ಲು ಬಂದು ಮೂಗು ನೋಡಬೇಕು ನೋಡು ಯಪ್ಪಾ."

ಹುಟ್ಟಿದ ಕೂಡಲೇ. ಇಷ್ಟು ತಿಂಗಳಲ್ಲಿ ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡಿರಲಿಲ್ಲ. ಗಂಗಮ್ಮ ತುಟಿಯ ಮೇಲೆ ಬೆರಳಿಡಲು ಕೈ ಎತ್ತಿದಳು, ಎತ್ತಿದ ಕೈಯಿಂದ ಮಗಳ ತಲೆ ಸವರಿದಳು.

"ನೋಡ್ತೀನವ್ವಾ," ಎಂದೆ.